ವಕೀಲರನ್ನು ಕೇಳಿ: ಅಪೀಲಿನ ವಾಯಿದೆ (ದಾವಣಗೆರೆ ಗುಂಪು)

ಜಗಳೂರು: ನಮಸ್ಕಾರ ಸರ್. ಅಪ್ಪನ ಜಮೀನಿನ ಪಾಲು ದಾವೆಯಲ್ಲಿ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಜೂನ್ 10ಕ್ಕೆ ಪ್ರಾಥಮಿಕ ಡಿಕ್ರಿ ಆಯ್ತು. ನನಗೆ ಪಾಲು ಕಡಿಮೆ ಬಂದಿದೆ. ಜೂನ್ 20ಕ್ಕೆ ತೀರ್ಪು, ಡಿಕ್ರಿಯ ನಕಲಿಗೆ ಅರ್ಜಿ ಹಾಕಿ, ಜುಲೈ 9ಕ್ಕೆ ತಗೊಂಡೆ. ಫೈನಲ್ ಡಿಕ್ರಿ ಆಗಲಿ, ಎರಡಕ್ಕೂ ಸೇರಿಸಿ ಅಪೀಲು ಹಾಕಿದರಾಯ್ತು ಅಂತಾನೆ ನಮ್ಮಣ್ಣ. ಕಾಯಬಹುದಾ?

ವಕೀಲರು: ಕಾಯಬೇಡಿ ತಾಯಿ. ಯಾರ ಪಾಲು ಎಷ್ಟು ಅನ್ನೋದು ಈಗಲೇ ತೀರ್ಮಾನ ಆಗಿಹೋಗಿದೆ, ಫೈನಲ್‌ನಲ್ಲಿ ಅಳತೆ ಮಾಡಿ ಯಾವ ತುಂಡು ಯಾರಿಗೆ ಅಂತ ಹಂಚುತ್ತಾರೆ ಅಷ್ಟೇ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 97ನೇ ಕಲಂ ಪ್ರಕಾರ ಪ್ರಾಥಮಿಕ ಡಿಕ್ರಿ ಮೇಲೆ ಅಪೀಲು ಹಾಕದೆ ಸುಮ್ನೆ ಕೂತವರು, ಆಮೇಲೆ ಫೈನಲ್ ಡಿಕ್ರಿ ಅಪೀಲಿನಲ್ಲಿ ಅದು ತಪ್ಪು ಅನ್ನುವ ಹಾಗಿಲ್ಲ. ಇದರಲ್ಲಿ ಜಮೀನು ಕಳ್ಕೊಂಡವರನ್ನು ನೋಡಿದ್ದೇನೆ. ಈಗ ದಿನ ಎಣಿಸೋಣ. ನಿಮಗಿರೋದು 30 ದಿನ, ತೀರ್ಪಿನ ದಿನ ಬಿಟ್ಟು. ಅಂದರೆ ಜುಲೈ 10. ನಕಲಿಗೆ ಹಿಡಿದ ದಿನ ಇದಕ್ಕೆ ಸೇರುತ್ತೆ, ಆದರೆ ನಕಲು ಸಿದ್ಧವಾಗುವವರೆಗೆ ಮಾತ್ರ. ನಕಲಿನ ಸೀಲಿನಲ್ಲಿ ಅರ್ಜಿ ಹಾಕಿದ್ದು, ಸಿದ್ಧವಾದದ್ದು, ಕೊಟ್ಟದ್ದು ಅಂತ ತಾರೀಖು ಇರುತ್ತವೆ. ಸಿದ್ಧವಾದದ್ದು ಯಾವತ್ತು?

ಹರಿಹರ: ಸರ್ ಅಪೀಲಿಗೆ ಎಷ್ಟು ದಿನ ಟೈಮ್ ಇರುತ್ತೆ?

ವಕೀಲರು: ಮೇಲೆ ಓದಿ. 30. ಹೈಕೋರ್ಟಿಗಾದರೆ 90.

ಮಲೇಬೆನ್ನೂರು: ಆಕ್ಸಿಡೆಂಟ್ ಕೇಸಿನಲ್ಲಿ ಪರಿಹಾರ ಕಮ್ಮಿ ಬಂದಿದೆ, ಏನು ಮಾಡೋದು ಸರ್?

ಜಗಳೂರು: ಜುಲೈ 1 ಅಂತ ಪೆನ್ನಲ್ಲಿ ಬರೆದಿದ್ದಾರೆ ಸರ್.

ವಕೀಲರು: ಹಾಗಾದರೆ 12 ದಿನ ಸಿಕ್ಕವು. ಜುಲೈ 22 ಕೊನೆ. ಸಿದ್ಧವಾದ ಮೇಲೆ ನಕಲು ಅಲ್ಲೇ ಬಿದ್ದಿದ್ದ ದಿನಗಳು ನಿಮಗೆ ಸಿಗಲ್ಲ. ಇವತ್ತು 18! ನಾಳೆಯೇ ವಕಾಲತ್ತಿಗೆ ಸಹಿ ಹಾಕಿ. ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ಕೆಲಸ ನಿಲ್ಲಲ್ಲ, ಸ್ಟೇ ಅರ್ಜಿ ಬೇರೆ ಹಾಕಬೇಕು. ಅಂದಹಾಗೆ ಅಣ್ಣನಿಗೆ ಎಷ್ಟು ಪಾಲು ಬಂತು?

ಚನ್ನಗಿರಿ: "ಸುಪ್ರೀಂ ಕೋರ್ಟ್ ಎಲ್ಲಾ ವಾಯಿದೆ ತೆಗೆದುಹಾಕಿದೆ, ಹತ್ತು ಜನಕ್ಕೆ ಕಳಿಸಿ." ಅಕ್ಕಾ, ಗಾಬರಿ ಬೇಡ.

ವಕೀಲರು: ಕೊರೊನಾ ಕಾಲದ್ದು ರೀ ಅದು! 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನ ಲೆಕ್ಕಕ್ಕಿಲ್ಲ ಅಂದಿದ್ದರು. ಮುಗಿದ ಕಥೆ. ಇದನ್ನು ನಂಬಿ ಆಯಮ್ಮ ಮನೇಲಿ ಕೂತರೆ ಜಮೀನು ನೀವು ಕೊಡ್ತೀರಾ?

ಹೊನ್ನಾಳಿ: ಲೇಟಾದರೆ ಏನಂತೆ, ವಿಳಂಬ ಮನ್ನಾ ಮಾಡೋಕೆ ಲಿಮಿಟೇಶನ್ ಕಾಯ್ದೆಯ 5ನೇ ಕಲಂ ಇದೆಯಲ್ಲ. ಡಾಕ್ಟರ್ ಸರ್ಟಿಫಿಕೇಟ್ ಹಾಕಿದರೆ ಮನ್ನಾ.

ಹಿರಿಯೂರು: ನಮ್ಮ ಮಾವನದು 40 ದಿನ ಲೇಟಾಗಿತ್ತು, ಅರ್ಜಿ ವಜಾ. ಸುಮ್ನೆ ಏನೇನೋ ಹೇಳಬೇಡಿ.

ಹೊನ್ನಾಳಿ: ನಿಮ್ಮ ವಕೀಲರು ಸರಿ ಇಲ್ಲ ಅಂದ್ರೆ ನಾನೇನು ಮಾಡ್ಲಿ?

ವಕೀಲರು: ತಕ್ಕ ಕಾರಣ ಇದ್ದರೆ ಮನ್ನಾ. ಸುಳ್ಳು ಸರ್ಟಿಫಿಕೇಟಿಗೆ ಅಫಿಡವಿಟ್ ಮಾಡೋರು ನೀವು, ಡಾಕ್ಟರ್ ಅಲ್ಲ.

ಚನ್ನಗಿರಿ: ಹೈಕೋರ್ಟಿಗೆ ಧಾರವಾಡಕ್ಕೆ ಹೋಗಿ, ಹತ್ತಿರ.

ಹಿರಿಯೂರು: ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿಗೇ ಬರೋದು. ಇಷ್ಟೂ ಗೊತ್ತಿಲ್ವಾ?

ಚನ್ನಗಿರಿ: ಹಾವೇರಿಯವರು ಹೋಗ್ತಾರೆ, ನಾವ್ಯಾಕೆ ಹೋಗಬಾರದು?

ಹೊನ್ನಾಳಿ: ಬಸ್ ಚಾರ್ಜ್ ನೋಡಿ ಕೋರ್ಟ್ ಆರಿಸೋಕಾಗುತ್ತಾ!

ಹರಿಹರ: ಸರ್, 30 ದಿನದಲ್ಲಿ ಭಾನುವಾರ ಸೇರುತ್ತಾ?

ವಕೀಲರು: ಸೇರುತ್ತೆ. ಕೊನೇ ದಿನವೇ ರಜೆ ಇದ್ದರೆ ಕೋರ್ಟು ತೆರೆದ ದಿನ ಹಾಕಬಹುದು.

ಮಲೇಬೆನ್ನೂರು: ಸರ್ ಆಕ್ಸಿಡೆಂಟ್ ಕೇಸು??

ಜಗಳೂರು: ಅಣ್ಣನಿಗೆ ಎರಡು ಪಾಲು, ನನಗೆ ಒಂದು ಸರ್.

ವಕೀಲರು: ಅದೇ ಅಂದ್ಕೊಂಡೆ. ನಾಳೆ ವಕೀಲರ ಹತ್ತಿರ ಒಬ್ಬರೇ ಹೋಗಿ.