ಪದಚರ್ಚೆ: ‘ರೀಜನಲ್ ಚಾನೆಲ್’ಗೆ ಫಲಕದಲ್ಲಿ ಏನು ಬರೆಯಲಿ? ನಾಳೆ ಬೆಳಿಗ್ಗೆಯೇ ಬೇಕು

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗದವರು ಟಿವಿ ಬೆಳೆದು ಬಂದ ಬಗೆಯ ಮೇಲೆ ಚಿಕ್ಕ ಪ್ರದರ್ಶನ ಮಾಡುತ್ತಿದ್ದಾರೆ. ಹನ್ನೆರಡು ಫಲಕ. ಮೂಲ ಇಂಗ್ಲಿಷಿನಲ್ಲಿದೆ, ಕನ್ನಡ ನನ್ನ ಪಾಲಿಗೆ ಬಂದಿದೆ. ಹನ್ನೊಂದು ಮುಗಿಸಿದೆ. ಒಂದರಲ್ಲಿ ಸಿಕ್ಕಿಬಿದ್ದಿದ್ದೇನೆ. ನಾಳೆ ಹತ್ತು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ಫಲಕದ ವಿಷಯ ಇದು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅದೇ ವರ್ಷ ಮರಾಠಿ, ಬಂಗಾಳಿ, ಗುಜರಾತಿ, ಒಡಿಯಾ ಈಟಿವಿಗಳೂ ಕಲರ್ಸ್ ಆದವು. ತೆಲುಗಿನ ಈಟಿವಿ ಮಾತ್ರ ಈಟಿವಿ ಕಟ್ಟಿದ ರಾಮೋಜಿ ರಾವ್ ಅವರ ಕೈಯಲ್ಲೇ ಉಳಿಯಿತು, ಅದರ ಹೆಸರೂ ಉಳಿಯಿತು. ಮೂಲದಲ್ಲಿ ತೊಡಕಿನ ಪದ ಮೂರು: ‘ನ್ಯಾಷನಲ್ ನೆಟ್‌ವರ್ಕ್’, ‘ರೀಜನಲ್ ಚಾನೆಲ್’, ‘ರೀಬ್ರಾಂಡಿಂಗ್’.

ನಾನು ಬರೆದದ್ದು: ‘ರಾಷ್ಟ್ರೀಯ ಜಾಲವು ಪ್ರಾದೇಶಿಕ ವಾಹಿನಿಗಳನ್ನು ಮರುಬ್ರಾಂಡ್ ಮಾಡಿತು.’ ಗಟ್ಟಿಯಾಗಿ ಓದಿದರೆ ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ. ‘ಜಾಲ’ ಎಂದರೆ ಪೊಲೀಸರು ಭೇದಿಸುವ ಜಾಲವೇ ನೆನಪಿಗೆ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ‘ಪ್ರಾದೇಶಿಕ’. ಹುಬ್ಬಳ್ಳಿಯಲ್ಲಿ ನಿಂತು ಕನ್ನಡ ಓದುವವರಿಗೆ ಕನ್ನಡದ ಚಾನೆಲ್ ಯಾವ ಲೆಕ್ಕದಲ್ಲಿ ಪ್ರಾದೇಶಿಕ? ಬೇರೆ ಪದ ಇದ್ದರೆ ದಯವಿಟ್ಟು ಹೇಳಿ.

ಶಿವಮೊಗ್ಗದಿಂದ:

ಮೇಡಂ, ರಾಷ್ಟ್ರೀಯ, ಜಾಲ, ಪ್ರಾದೇಶಿಕ, ವಾಹಿನಿ. ಒಂದು ಸಾಲಿನಲ್ಲಿ ನಾಲ್ಕು ಸಂಸ್ಕೃತ ಪದ, ಮೇಲೊಂದು ಇಂಗ್ಲಿಷ್. ಕನ್ನಡದ್ದು ‘ಮಾಡಿತು’ ಒಂದೇ. ನೆಟ್‌ವರ್ಕಿಗೆ ‘ಬಳಗ’ ಸಾಕು. ಚಾನೆಲ್ಲಿಗೆ ‘ಬಿತ್ತರಿಕೆ’. ಬ್ರಾಂಡಿಗೆ ‘ಹೆಸರುಗುರುತು’. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಮೊದಲಿಗೆ ಹೊಲದಲ್ಲಿ ಬೀಜ ಎರಚುವುದಕ್ಕೆ ಇದ್ದ ಮಾತು. ನಮ್ಮ ‘ಬಿತ್ತರಿಸು’ ಕೂಡ ‘ಬಿತ್ತು’ವಿನಿಂದಲೇ ಬಂದದ್ದು. ಎರಡು ನುಡಿಗಳಲ್ಲೂ ರೈತನೇ ಮೊದಲು. ಇಷ್ಟು ಒಳ್ಳೆಯ ಮಾತು ಮನೆಯಲ್ಲೇ ಇರುವಾಗ ಸಾಲ ಏಕೆ?

ಮೈಸೂರಿನಿಂದ:

‘ಬಿತ್ತರ’ ಎಂಬುದು ‘ವಿಸ್ತರ’ದ ತದ್ಭವ. ವಿಜ್ಞಾಪನೆ ಬಿನ್ನಪವಾಯಿತು, ವಿದ್ಯೆ ಬಿಜ್ಜೆಯಾಯಿತು, ವಿಸ್ತರ ಬಿತ್ತರವಾಯಿತು. ಬೀಜಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಸ್ಕೃತ ಬೇಡ ಎನ್ನುವವರು ಸಂಸ್ಕೃತದ ಪದವನ್ನೇ ಕೊಟ್ಟಿದ್ದಾರೆ.

ಮೇಡಂ, ‘ವಾಹಿನಿ’ಯನ್ನು ಬಿಡಬೇಡಿ. ಅದಕ್ಕೆ ಹೊಳೆ ಎಂಬ ಅರ್ಥವೂ ಇದೆ, ಸೇನೆ ಎಂಬ ಅರ್ಥವೂ ಇದೆ. ಲೆಕ್ಕ ಬೇಕಾದರೆ 81 ಆನೆ, 81 ರಥ, 243 ಕುದುರೆ, 405 ಕಾಲಾಳು ಸೇರಿದರೆ ಒಂದು ವಾಹಿನಿ. ಹರಿಯುವ ಅರ್ಥ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ‘ಪ್ರಾದೇಶಿಕ’ದಲ್ಲೂ ತಪ್ಪಿಲ್ಲ. ಪ್ರದೇಶಕ್ಕೆ ಸೇರಿದ್ದು ಪ್ರಾದೇಶಿಕ. ಅವಮಾನ ಪದದಲ್ಲಿಲ್ಲ, ಓದುವವರ ಮನಸ್ಸಿನಲ್ಲಿದೆ. ಆಕಾಶವಾಣಿಯ ‘ಪ್ರದೇಶ ಸಮಾಚಾರ’ ಕೇಳಿ ಬೆಳೆದವರು ಯಾರೂ ಅವಮಾನ ಪಟ್ಟುಕೊಳ್ಳಲಿಲ್ಲ.

ಮಂಡ್ಯದಿಂದ:

ನೀವೆಲ್ಲ ಮಾತಾಡುವಾಗ ‘ವಾಹಿನಿ ಬದಲಿಸು’ ಅಂತೀರಾ? ಯಾರೂ ಅನ್ನುವುದಿಲ್ಲ. ‘ಚಾನೆಲ್ ಚೇಂಜ್ ಮಾಡು’ ಅಂತಲೇ ಅನ್ನುತ್ತೀರಿ. ನಮ್ಮ ಕಡೆ ಗದ್ದೆಗೆ ನೀರು ಬರುವುದೂ ಚಾನಲ್ಲಿನಲ್ಲೇ, ಕಟ್ಟೆಯ ನೀರು ಬಿಟ್ಟ ದಿನ ‘ಚಾನಲ್ ಬಂತು’ ಅನ್ನುತ್ತೇವೆ. ಕಾಲುವೆಗೂ ಟಿವಿಗೂ ಒಂದೇ ಮಾತು, ಎರಡರ ಬೇರೂ ಲ್ಯಾಟಿನ್ನಿನ ಕಾಲುವೆಯೇ. ಅಜ್ಜಂದಿರ ಕಾಲದಿಂದ ನಾಲಗೆಯ ಮೇಲಿರುವ ಪದವನ್ನು ಹೊರಗಿನದು ಅಂತ ಹೇಗೆ ಹೇಳುವುದು? ‘ಕನ್ನಡ ಚಾನೆಲ್’ ಅಂತ ಬರೆಯಿರಿ ಮೇಡಂ. ಎಲ್ಲರಿಗೂ ಗೊತ್ತಾಗುತ್ತದೆ.

ಬೆಂಗಳೂರಿನಿಂದ:

ನಾನು ದೂರದರ್ಶನದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ‘ಪ್ರಾದೇಶಿಕ’ದಲ್ಲಿ ಅವಮಾನವಿಲ್ಲ ಎಂದು ಮೈಸೂರಿನ ಹಿರಿಯರು ಹೇಳಿದ್ದಾರೆ. ಪದಕೋಶದಲ್ಲಿ ಇಲ್ಲದಿರಬಹುದು. ಬಳಕೆಯಲ್ಲಿ ಇದೆ.

1982ರ ಆಗಸ್ಟ್ 15ಕ್ಕೆ ದೆಹಲಿಯಿಂದ ‘ರಾಷ್ಟ್ರೀಯ ಕಾರ್ಯಕ್ರಮ’ ಶುರುವಾಯಿತು. ಬಣ್ಣದ ಟಿವಿ ಬಂದ ವರ್ಷವೂ ಅದೇ. ಅಂದಿನಿಂದ ರಾತ್ರಿ ಊಟದ ಹೊತ್ತಿನ ಕಾರ್ಯಕ್ರಮವೆಲ್ಲ ದೆಹಲಿಯದು. ಸಂಜೆಯ ಸ್ವಲ್ಪ ಹೊತ್ತು ಆಯಾ ರಾಜ್ಯದ ದೂರದರ್ಶನ ಕೇಂದ್ರಗಳದು. ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ಹೊತ್ತು ‘ರಾಷ್ಟ್ರೀಯ’, ಅದಕ್ಕೆ ಮುಂಚಿನದು ‘ಪ್ರಾದೇಶಿಕ’. ನಾವು ಮಾಡಿದ ಕೆಲಸದ ಮೇಲೆ ಆ ಚೀಟಿ ಅಂಟಿಕೊಂಡದ್ದು ಹೀಗೆ.

ಇನ್ನೊಂದು ನೆನಪಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ‘ಪ್ರಾದೇಶಿಕ ಭಾಷಾ ಚಲನಚಿತ್ರ’ ಬರುತ್ತಿತ್ತು. ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳ, ಇನ್ನೊಂದು ವಾರ ಅಸ್ಸಾಮಿ. ಕನ್ನಡದ ಸರದಿಗಾಗಿ ಕಾಯುತ್ತಿದ್ದೆವು. ಅದೇ ದಿನ ಸಂಜೆ ಹಿಂದಿ ಚಿತ್ರ. ಅದನ್ನು ಯಾರೂ ‘ಪ್ರಾದೇಶಿಕ’ ಎಂದು ಕರೆಯಲಿಲ್ಲ. ಹಿಂದಿಗೂ ಒಂದು ಪ್ರದೇಶ ಇದೆ, ಅಲ್ವಾ? ಪ್ರದೇಶಕ್ಕೆ ಸೇರಿದ್ದೆಲ್ಲ ಪ್ರಾದೇಶಿಕವಾಗಿದ್ದರೆ ಅದೂ ಆಗಬೇಕಿತ್ತು. ಆ ಪದಕ್ಕೆ ಅಲ್ಲಿ ಇದ್ದ ಅರ್ಥ ಒಂದೇ: ಹಿಂದಿ ಅಲ್ಲದ್ದು.

‘ಪ್ರದೇಶ ಸಮಾಚಾರ’ ಬೇರೆ. ಅಲ್ಲಿ ನಮ್ಮ ಪ್ರದೇಶದ ಸುದ್ದಿಯನ್ನು ನಮಗೇ ಹೇಳುತ್ತಿದ್ದರು. ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಪದದ ತೂಕ ಬದಲಾಗುತ್ತದೆ.

ಮೈಸೂರಿನಿಂದ:

ಅದು ರಾಜಕೀಯ. ಪದಾರ್ಥ ಅಲ್ಲ.

ಶಿವಮೊಗ್ಗದಿಂದ:

ರಾಜಕೀಯವೇ ಸ್ವಾಮಿ. ‘ರೀಜನ್’ ಎಂಬ ಮಾತು ಹುಟ್ಟಿದ್ದೇ ಲ್ಯಾಟಿನ್ನಿನಲ್ಲಿ ‘ಆಳು’ ಎಂಬ ಅರ್ಥದ ಬೇರಿನಿಂದ. ಆಳಿಸಿಕೊಳ್ಳುವ ಜಾಗವೇ ರೀಜನ್. ಅದನ್ನು ‘ಪ್ರಾದೇಶಿಕ’ ಎಂದು ಕನ್ನಡಕ್ಕೆ ತಂದರೆ ಒಳಗಿನ ದಣಿಯೂ ಜೊತೆಗೆ ಬರುತ್ತಾನೆ. ‘ಬಿತ್ತರಿಸು’ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದೆ, ನನ್ನದು ತಪ್ಪು. ಆದರೆ ಬಿತ್ತರ ನಮ್ಮ ನಾಲಗೆಗೆ ಒಗ್ಗಿ ರೂಪ ಬದಲಿಸಿಕೊಂಡು ಬಂದ ಮಾತು. ಹಾಗೆ ಬಗ್ಗಿ ಬಂದದ್ದನ್ನು ನಾನು ಬೇಡ ಎನ್ನುವುದಿಲ್ಲ. ನೇರ ಬಂದು ಕೂರುವುದನ್ನು ಬೇಡ ಎನ್ನುತ್ತೇನೆ.

ಮೈಸೂರಿನಿಂದ:

ಹಾಗಾದರೆ ‘ಚಾನಲ್ಲು’ ಎಂದು ಉಕಾರ ಹಚ್ಚಿದರೆ ಅದೂ ಶುದ್ಧ ಕನ್ನಡ. ಮಂಡ್ಯದವರ ಜೊತೆ ಹೋಗಿ ಸೇರಿಕೊಳ್ಳಿ.

ಹುಬ್ಬಳ್ಳಿಯಿಂದ:

ದಯವಿಟ್ಟು. ಈಗ ರಾತ್ರಿ ಎಂಟು ಗಂಟೆ. ‘ಪ್ರಾದೇಶಿಕ’ ಬೇಡ ಎಂದು ತೀರ್ಮಾನಿಸಿದೆ. ಭಾನುವಾರ ಮಧ್ಯಾಹ್ನದ ಚಿತ್ರದ ಮಾತು ಓದಿದ ಮೇಲೆ ಆ ಪದವನ್ನು ಬರೆಯಲು ಕೈ ಬರುವುದಿಲ್ಲ. ಉಳಿದದ್ದು ‘ರೀಬ್ರಾಂಡಿಂಗ್’. ‘ಹೆಸರು ಬದಲಾವಣೆ’ ಎಂದರೆ ಸಾಕೇ? ನಮ್ಮ ಅವ್ವ ಇವತ್ತಿಗೂ ‘ಈಟೀವಿ ಹಚ್ಚು’ ಅನ್ನುತ್ತಾಳೆ. ನಾನು ಕಲರ್ಸ್ ಹಚ್ಚುತ್ತೇನೆ, ಅವಳು ನೋಡುತ್ತಾಳೆ. ಅವಳ ಪಾಲಿಗೆ ಬದಲಾದದ್ದೇನು ಅಂತ ಯೋಚನೆ ಮಾಡುತ್ತಿದ್ದೇನೆ.

ರಾಯಚೂರಿನಿಂದ:

ಅಕ್ಕಾರೆ, ಬ್ರಾಂಡ್ ಎಂದರೆ ಮೊದಲಿಗೆ ಕಾದ ಕಬ್ಬಿಣದಿಂದ ದನಕ್ಕೆ ಹಾಕುವ ಗುರುತು. ನಮ್ಮಲ್ಲಿ ತಪ್ತಮುದ್ರೆ ಇದೆ. ಆಷಾಢ ಏಕಾದಶಿಗೆ ಮಠದಲ್ಲಿ ಸಾಲು ನಿಂತು ಶಂಖ, ಚಕ್ರ ಹಾಕಿಸಿಕೊಳ್ಳುತ್ತೇವೆ. ‘ಮುದ್ರೆ’ ಅದಕ್ಕೆ ಸರಿಸಾಟಿ. ಆದರೆ ನನಗೆ ಅದಕ್ಕಿಂತ ಒಳ್ಳೆಯದು ಕಾಣುವುದು ‘ಅಂಕಿತ’.

ದಾಸರ ಅಂಕಿತಗಳನ್ನು ನೋಡಿ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ‘ವಿಠಲ’ ಎಲ್ಲರದ್ದು, ಮುಂದಿನದು ಅವರವರದ್ದು. ಕಲರ್ಸ್ ಕನ್ನಡ, ಕಲರ್ಸ್ ಮರಾಠಿ, ಕಲರ್ಸ್ ಬಾಂಗ್ಲಾ ಎಂದಾಗಲೂ ಅದೇ ಕಟ್ಟಡ. ಝೀ ಕನ್ನಡವೂ ಹಾಗೆಯೇ. ಕನಕದಾಸರು ವಿಠಲನನ್ನು ಹಿಡಿಯಲಿಲ್ಲ, ಕಾಗಿನೆಲೆಯ ಆದಿಕೇಶವನನ್ನೇ ಇಟ್ಟುಕೊಂಡರು. ಊರಿನ ಹೆಸರು ಉಳಿಸಿಕೊಂಡವರೂ ಇದ್ದಾರೆ ಅಂತ ಇದರ ಅರ್ಥ. ಸನ್ ನೆಟ್‌ವರ್ಕಿನ ಒಡೆಯರು ಚೆನ್ನೈಯವರು. ಆದರೂ 1994ರಲ್ಲಿ ಶುರುವಾದ ಉದಯ ಟಿವಿ ಇವತ್ತಿಗೂ ಉದಯವೇ, ಮಲಯಾಳದಲ್ಲಿ ಸೂರ್ಯ, ತೆಲುಗಿನಲ್ಲಿ ಜೆಮಿನಿ. ಸ್ಟಾರಿನವರದು ಎರಡೂ ಬಗೆ. ಇಲ್ಲಿ 2016ರಲ್ಲಿ ಏಷ್ಯಾನೆಟ್ ಸುವರ್ಣವನ್ನು ಸ್ಟಾರ್ ಸುವರ್ಣ ಮಾಡಿದರು. ಕೇರಳದ ಏಷ್ಯಾನೆಟ್ಟಿನ ಹೆಸರಿಗೆ ಮಾತ್ರ ಕೈ ಹಚ್ಚಲಿಲ್ಲ. ಅಲ್ಲಿ ಆ ಹೆಸರು ಅಷ್ಟು ಗಟ್ಟಿಯಾಗಿ ಊರಿತ್ತು.

‘ಹೊಸ ಅಂಕಿತ’ ಎಂದು ಬರೆಯಿರಿ. ಕನ್ನಡದವರಿಗೆ ತಟ್ಟನೆ ಮುಟ್ಟುತ್ತದೆ.

ಮೈಸೂರಿನಿಂದ:

ಅಂಕಿತವನ್ನು ಗುರು ಶಿಷ್ಯನಿಗೆ ಕೊಡುತ್ತಾನೆ. ಷೇರು ಕೊಂಡವನು ಹಚ್ಚುವುದಲ್ಲ. ಬೇಡ.

ರಾಯಚೂರಿನಿಂದ:

ಇದನ್ನು ಒಪ್ಪುತ್ತೇನೆ. ವಿಜಯದಾಸರು ಗೋಪಾಲದಾಸರಿಗೆ ಅಂಕಿತ ಕೊಟ್ಟದ್ದು ಕೊಳ್ಳುವ, ಮಾರುವ ಮಾತಲ್ಲ. ಆದರೂ ಹೆಸರು ಎಲ್ಲಿಂದ ಬಂತು, ಯಾವ ಭಾಗ ಯಾರದು ಎಂದು ತೋರಿಸುವ ಪದ ನಮ್ಮಲ್ಲಿ ಇದೊಂದೇ. ಅದನ್ನು ಫಲಕದಲ್ಲಿ ಹಾಕದಿದ್ದರೂ ಅಕ್ಕಾರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

ಬೆಂಗಳೂರಿನಿಂದ:

‘ಹೆಸರು ಬದಲಾವಣೆ’ ಸಾಲದು ಮೇಡಂ. 2024ರ ಏಪ್ರಿಲಿನಲ್ಲಿ ಡಿಡಿ ನ್ಯೂಸಿನ ಲಾಂಛನ ಕೆಂಪಿನಿಂದ ಕೇಸರಿಗೆ ತಿರುಗಿತು. ಎಷ್ಟು ಜಗಳವಾಯಿತು ನೋಡಿದಿರಿ. ಹೆಸರಿನ ಒಂದಕ್ಷರವೂ ಬದಲಾಗಿರಲಿಲ್ಲ. ಲಾಂಛನ, ಬಣ್ಣ, ನಡುನಡುವೆ ಬರುವ ರಾಗ, ನಿರೂಪಕರ ಮಾತಿನ ಧಾಟಿ, ಇವೆಲ್ಲ ಸೇರಿ ಬ್ರಾಂಡ್. ಶಿವಮೊಗ್ಗದವರ ‘ಗುರುತು’ ಒಳ್ಳೆಯ ಪದ, ‘ಹೆಸರು’ ಬಿಟ್ಟು ಬರೀ ‘ಗುರುತು’ ಇಟ್ಟುಕೊಳ್ಳಿ. ‘ಗುರುತು ಬದಲಾಯಿತು’ ಎಂದರೆ ಎಲ್ಲವೂ ಬಂತು. ‘ಗುರುತೇ ಸಿಗುವುದಿಲ್ಲ’ ಅನ್ನುತ್ತೇವಲ್ಲ, ಅದೇ ಗುರುತು.

ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ದೂರದರ್ಶನದ ರಾಜ್ಯ ಚಾನೆಲ್‌ಗಳಿಗೆ ಒಂದು ಕಾಲಕ್ಕೆ ಚೆಂದದ ಹೆಸರಿಟ್ಟರು. ಪೊದಿಗೈ, ಸಪ್ತಗಿರಿ, ಸಹ್ಯಾದ್ರಿ, ಗಿರ್ನಾರ್. ಎಲ್ಲ ಬೆಟ್ಟಗಳು. ತೆಲಂಗಾಣಕ್ಕೆ ಆಮೇಲೆ ಯಾದಗಿರಿ ಬಂತು, ಅದೂ ಬೆಟ್ಟವೇ. ನಮಗೆ ಮಾತ್ರ ಮರದ ಹೆಸರು, ಚಂದನ. 2024ರ ಜನವರಿಯಲ್ಲಿ ಪೊದಿಗೈ ಹೋಗಿ ಬರೀ ‘ಡಿಡಿ ತಮಿಳ್’ ಆಯಿತು. ಪೊದಿಗೈ ಎಂದರೆ ತಮಿಳಿನ ಅಗಸ್ತ್ಯನ ಬೆಟ್ಟ. ಅದನ್ನು ತೆಗೆದು ಭಾಷೆಯ ಹೆಸರು ಇಟ್ಟರೆ ಅದು ಚಾನೆಲ್ಲಿನ ಹೆಸರಾಗುವುದಿಲ್ಲ, ಕಪಾಟಿನ ಮೇಲಿನ ಚೀಟಿಯಾಗುತ್ತದೆ. ಚಂದನ ಉಳಿಯಬೇಕು ಎಂದು ನನ್ನ ಆಸೆ. ಬೇಸರ ಆಗುತ್ತದೆ, ಅದಕ್ಕೇ ಬರೆದೆ.

ಶಿವಮೊಗ್ಗದಿಂದ:

ಬರೀ ‘ಗುರುತು’ ನನಗೂ ಒಪ್ಪಿಗೆ. ಆದರೆ ಸರ್, ‘ಡಿಡಿ ಕನ್ನಡ’ ಎಂದಾದರೆ ತಪ್ಪೇನು? ಕನ್ನಡ ಎಂಬ ಹೆಸರಿಗಿಂತ ದೊಡ್ಡ ಹೆಸರು ಬೇಕೇ? ಚಂದನವೂ ಸಂಸ್ಕೃತವೇ. ನಮ್ಮ ಮಾತು ಗಂಧ.

ಮೈಸೂರಿನಿಂದ:

ಗಂಧವೂ ಸಂಸ್ಕೃತ.

ಬೆಂಗಳೂರಿನಿಂದ:

ಶ್ರೀಗಂಧದ ನಾಡಿನವರಿಗೆ ಆ ಮಾತು ಎಲ್ಲಿಂದ ಬಂತು ಎನ್ನುವುದು ಇನ್ನು ಮುಖ್ಯವಲ್ಲ. ಸಾಲ ತಂದದ್ದು ಎಂದು ದೂಡುತ್ತಾ ಹೋದರೆ ‘ಆಕಾಶವಾಣಿ’ಯನ್ನೂ ದೂಡಬೇಕಾಗುತ್ತದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋ ಆ ಹೆಸರನ್ನು ಇಟ್ಟುಕೊಂಡಿತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೋ’ವನ್ನು ಬಿಟ್ಟು ಆಕಾಶವಾಣಿ ಒಂದನ್ನೇ ಬಳಸುತ್ತೇವೆ ಎಂದರು. ಆ ಪದ ಸಂಸ್ಕೃತದ್ದು. ಆದರೆ ಅದನ್ನು ರೇಡಿಯೋಗೆ ಹಚ್ಚಿದ್ದು ನಮ್ಮ ಊರಲ್ಲಿ. ಈ ಲೆಕ್ಕದಲ್ಲಿ ದೇಶವೇ ಒಂದು ‘ಪ್ರದೇಶ’ದಿಂದ ಸಾಲ ತಂದಿದೆ.

ಮೈಸೂರಿನಿಂದ:

ಇದು ಸರಿ. ಗೋಪಾಲಸ್ವಾಮಿಯವರ ಮನೆ ಇದ್ದ ನಮ್ಮ ಒಂಟಿಕೊಪ್ಪಲಿನ ಮಾತು ಬಂದ ಮೇಲೆ ನಾನು ವಾದಿಸುವುದಿಲ್ಲ. ಆದರೆ ‘ವಾಹಿನಿ’ ಬಿಡಬೇಡಿ.

ಮಂಡ್ಯದಿಂದ:

‘ಚಾನೆಲ್’.

ಹುಬ್ಬಳ್ಳಿಯಿಂದ:

ಎಲ್ಲರಿಗೂ ಧನ್ಯವಾದ. ಹನ್ನೊಂದೂವರೆ ಆಯಿತು, ಈಗಷ್ಟೇ ಮುಗಿಸಿದೆ.

‘ರಾಷ್ಟ್ರೀಯ ಜಾಲ’ವನ್ನು ತೆಗೆದೆ. ‘ಬಳಗ’ವನ್ನು ಬರೆದು ನೋಡಿ, ಅದನ್ನೂ ತೆಗೆದೆ. ಬಳಗದಲ್ಲಿ ಅಕ್ಕ, ತಂಗಿ, ಅತ್ತಿಗೆ ಇರುತ್ತಾರೆ. ಇಲ್ಲಿ ಇರುವುದು ಒಡೆಯ ಮತ್ತು ಒಡೆತನ, ಅದನ್ನು ಬಂಧುತ್ವದ ಪದದಲ್ಲಿ ಮುಚ್ಚುವುದು ನನಗೆ ಸರಿ ಅನ್ನಿಸಲಿಲ್ಲ. ‘ದೇಶವ್ಯಾಪಿ ಸಂಸ್ಥೆ’ ಎಂದು ಬರೆದೆ. ಸಪ್ಪೆ ಇದೆ, ಆದರೆ ಸುಳ್ಳಿಲ್ಲ. ಚಾನೆಲ್ ಮತ್ತು ವಾಹಿನಿ ಎರಡೂ ಇವೆ, ತಲೆಬರಹದಲ್ಲಿ ಚಾನೆಲ್, ಒಳಗೆ ವಾಹಿನಿ. ಓದುವವರಿಗೆ ಎರಡೂ ಗೊತ್ತು. ಅಂಕಿತವನ್ನು ಫಲಕದಲ್ಲಿ ಹಾಕಲಿಲ್ಲ. ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳುತ್ತೇನೆ, ಅವರು ಫಲಕದ ಪಕ್ಕ ನಿಂತು ವಿವರಿಸುವವರು.

ಕೊನೆಯ ರೂಪ ಹೀಗಿದೆ:

‘ಹೆಸರು ಹೋಯಿತು, ಚಾನೆಲ್ ಉಳಿಯಿತು. 2015ರಲ್ಲಿ ಈಟಿವಿ ಕನ್ನಡ ಒಂದು ದೇಶವ್ಯಾಪಿ ಸಂಸ್ಥೆಯ ಹೆಸರು ಹೊತ್ತು ಕಲರ್ಸ್ ಕನ್ನಡ ಆಯಿತು. ಲಾಂಛನ, ಬಣ್ಣ, ರಾಗ ಎಲ್ಲವೂ ಹೊಸದಾದವು. ಮರಾಠಿ, ಬಂಗಾಳಿ, ಗುಜರಾತಿ, ಒಡಿಯಾ ವಾಹಿನಿಗಳ ಗುರುತೂ ಅದೇ ವರ್ಷ ಬದಲಾಯಿತು. ಹಲವು ಮನೆಗಳಲ್ಲಿ ಇದನ್ನು ಇವತ್ತಿಗೂ ಈಟಿವಿ ಎಂದೇ ಕರೆಯುತ್ತಾರೆ.’

ಕೊನೆಯ ಸಾಲು ಮೂಲದಲ್ಲಿ ಇಲ್ಲ. ವಿಭಾಗದವರನ್ನು ಕೇಳಿದೆ, ಇರಲಿ ಎಂದರು.