ಆಂಟಿವೈರಸ್ ತೆಗೆದ ಮೇಲೂ ರಿಜಿಸ್ಟ್ರಿಯಲ್ಲಿ ಉಳಿದ ಎಂಟ್ರಿಗಳು: ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕು?

ಮಲೆನಾಡಿಗ (ಪ್ರಶ್ನೆ)

ವಿಂಡೋಸ್ 11, 64 ಬಿಟ್. ಲೈಸೆನ್ಸ್ ಮುಗಿದ ಆಂಟಿವೈರಸ್ಸನ್ನು ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ಆದರೂ ವಿಂಡೋಸ್ ಸೆಕ್ಯುರಿಟಿಯಲ್ಲಿ ಹಳೆಯದರ ಹೆಸರೇ ಕಾಣುತ್ತಿದೆ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಆನ್ ಆಗುತ್ತಿಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ಎಡಿಟರ್‌ನಲ್ಲಿ ಆ ಹೆಸರು ಹುಡುಕಿದರೆ, 'ಮುಂದಿನದು ಹುಡುಕು' ಎನ್ನುವ ಎಫ್3 ಒತ್ತಿದಷ್ಟೂ ಎಂಟ್ರಿ ಸಿಗುತ್ತಿವೆ. ಕೆಲವು ಕೀಗಳನ್ನು (ರಿಜಿಸ್ಟ್ರಿಯೊಳಗಿನ ಫೋಲ್ಡರ್‌ಗಳು) ಅಳಿಸಲು ಬಿಡುತ್ತಲೇ ಇಲ್ಲ, ಎರರ್ ಬರುತ್ತದೆ. ಸಿಕ್ಕಿದ್ದನ್ನೆಲ್ಲ ಅಳಿಸಬಹುದೇ? ರಿಜಿಸ್ಟ್ರಿ ಕ್ಲೀನರ್ ಹಾಕಿದರೆ ಸಾಕೇ?

ಹುಬ್ಬಳ್ಳಿ_ಸಿಸ್ಟಮ್ಸ್

ಸರ್, ಎಫ್3 ಒತ್ತುತ್ತಾ ಅಳಿಸುವುದನ್ನು ಈಗಲೇ ನಿಲ್ಲಿಸಿ. ಕ್ಲೀನರ್ ಕೂಡ ಬೇಡ. ನಿಮಗೆ ಸಿಗುತ್ತಿರುವುದರಲ್ಲಿ ಬಹುಪಾಲು ಸಾಫ್ಟ್‌ವೇರ್ ಕೀ ಕೆಳಗಿನ ಸೆಟ್ಟಿಂಗ್‌ಗಳು, ಫೈಲ್ ಟೈಪ್ ನಮೂದುಗಳು. ಅವನ್ನು ಓದುವ ಪ್ರೋಗ್ರಾಮೇ ಈಗ ಇಲ್ಲ, ಆದ್ದರಿಂದ ಸುಮ್ಮನೆ ಬಿದ್ದಿರುತ್ತವೆ. ಕಂಪ್ಯೂಟರ್ ನಿಧಾನವಾಗುವುದು ಅವುಗಳಿಂದಲ್ಲ. ತೊಂದರೆ ಕೊಡುವುದು ಎರಡೇ: ಇನ್ನೂ ಲೋಡ್ ಆಗುತ್ತಿರುವ ಡ್ರೈವರ್‌ಗಳು (ವಿಂಡೋಸ್‌ನ ಒಳಪದರದಲ್ಲಿ ಓಡುವ ಪ್ರೋಗ್ರಾಮ್‌ಗಳು), ಮತ್ತು ಯಾವ ಆಂಟಿವೈರಸ್ ಇದೆ ಎಂದು ವಿಂಡೋಸ್ ದಾಖಲಿಸುವ ಸೆಕ್ಯುರಿಟಿ ಸೆಂಟರ್‌ನಲ್ಲಿ ಉಳಿದ ನೋಂದಣಿ.

ಮೊದಲು ಆ ಕಂಪನಿಯದೇ ರಿಮೂವಲ್ ಟೂಲ್ ಓಡಿಸಿ. ಮೆಕಾಫಿಗೆ ಎಂಸಿಪಿಆರ್, ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಕ್ಯಾಸ್ಪರ್‌ಸ್ಕಿಗೆ ಕೆಎವಿ ರಿಮೂವರ್ ಇವೆ. ಇಸೆಟ್‌ನ ಟೂಲ್ ಸೇಫ್ ಮೋಡ್‌ನಲ್ಲೇ (ಅತ್ಯಗತ್ಯ ಡ್ರೈವರ್‌ಗಳಷ್ಟರಿಂದ ವಿಂಡೋಸ್ ಶುರುಮಾಡುವ ವಿಧಾನ) ಓಡಿಸಬೇಕು. ಕಂಪನಿಯ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ, ಬೇರೆ ಡೌನ್‌ಲೋಡ್ ಸೈಟ್ ಬೇಡ. ತಮ್ಮ ಡ್ರೈವರ್ ಎಲ್ಲೆಲ್ಲಿ ಕೊಂಡಿ ಹಾಕಿಕೊಂಡಿದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಸೇಫ್ ಮೋಡ್‌ಗೆ ಹೋಗುವ ಮುನ್ನ ಡಿಸ್ಕನ್ನು ಗೂಢಲಿಪೀಕರಿಸುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ದಾರಿಯಲ್ಲಿ ಕೇಳಬಹುದು.

ಅಳಿಸಲು ಬಿಡದ ಕೀಗಳಿಗೆ ಸಾಮಾನ್ಯ ಕಾರಣವೆಂದರೆ, ಆಂಟಿವೈರಸ್‌ನ ಸ್ವಯಂರಕ್ಷಣೆಯ ಡ್ರೈವರ್ ಇನ್ನೂ ಓಡುತ್ತಿರುವುದು. ಓನರ್‌ಶಿಪ್ ಬದಲಿಸಿ ಗುದ್ದಾಡುವ ಬದಲು ಆ ಡ್ರೈವರ್ ಹುಡುಕಿ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಎಫ್‌ಎಲ್‌ಟಿಎಂಸಿ ಫಿಲ್ಟರ್ಸ್" ಕಮಾಂಡ್ ಕೊಟ್ಟರೆ ಫೈಲ್ ಸಿಸ್ಟಮ್ ಫಿಲ್ಟರ್‌ಗಳ (ಫೈಲ್ ಓದು-ಬರಹದ ನಡುವೆ ಕೂತು ಪರೀಕ್ಷಿಸುವ ಡ್ರೈವರ್‌ಗಳು) ಪಟ್ಟಿ ಬರುತ್ತದೆ. ಫಿಲ್ಟರ್‌ನ ಸ್ಥಾನ ಹೇಳುವ ಆಲ್ಟಿಟ್ಯೂಡ್ ಕಾಲಮ್‌ನಲ್ಲಿ 320000ರಿಂದ 329998ರವರೆಗಿನವು ಆಂಟಿವೈರಸ್ ಗುಂಪಿನವು. 328010 ಎಂದಿರುವುದು ಡಿಫೆಂಡರ್‌ನದು, ಅದನ್ನು ಮುಟ್ಟಬೇಡಿ.

ಟೂಲ್ ಓಡಿಸಿದ ಮೇಲೂ ಹಳೆಯದು ಅಲ್ಲಿದ್ದರೆ: ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಲು ರೀಸ್ಟೋರ್ ಪಾಯಿಂಟ್ ಮಾಡಿ. ರಿಜಿಸ್ಟ್ರಿಯಲ್ಲಿ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವೀಸಸ್ ಎಂದು ಇಳಿದು ಆ ಡ್ರೈವರ್ ಹೆಸರಿನ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಅದರೊಳಗಿನ "ಸ್ಟಾರ್ಟ್" ಮೌಲ್ಯವನ್ನು 4 ಮಾಡಿ. 4 ಎಂದರೆ ನಿಷ್ಕ್ರಿಯ. ಮೊದಲು ಎಷ್ಟಿತ್ತು ಎಂದು ಗುರುತು ಹಾಕಿಕೊಂಡರೆ ವಾಪಸ್ ತರುವುದು ಸುಲಭ. ಎರಡು ಮೂರು ಸಲ ರೀಸ್ಟಾರ್ಟ್ ಮಾಡಿ ಎಲ್ಲ ಸರಿಯಿದೆ ಎಂದಾದ ಮೇಲಷ್ಟೇ ಕೀ ಅಳಿಸಿ.

ಮಲೆನಾಡಿಗ

ಧನ್ಯವಾದ ಸರ್. ಟೂಲ್ ಓಡಿಸಿದೆ. ಫೈಲ್ ಸಿಸ್ಟಮ್ ಫಿಲ್ಟರ್ ಹೋಯಿತು, ಕೀಗಳೂ ಅಳಿಯುತ್ತಿವೆ. ಆದರೆ ಎರಡು ಬಾಕಿ: ಕೀಬೋರ್ಡ್‌ನ "ಅಪ್ಪರ್‌ಫಿಲ್ಟರ್ಸ್" (ಸಾಧನದ ಜೊತೆ ಲೋಡ್ ಆಗುವ ಡ್ರೈವರ್‌ಗಳ ರಿಜಿಸ್ಟ್ರಿ ಪಟ್ಟಿ) ಒಳಗೆ ಹಳೆಯ ಆಂಟಿವೈರಸ್‌ನ ಡ್ರೈವರ್ ಹೆಸರಿದೆ. ಸೆಕ್ಯುರಿಟಿ ಸೆಂಟರ್‌ನಲ್ಲೂ ಅದರ ಹೆಸರು ಹಾಗೇ ಇದೆ. ಕೀಬೋರ್ಡ್ ಡ್ರೈವರ್‌ಗೂ ಸ್ಟಾರ್ಟ್ 4 ಮಾಡಲೇ?

ಬಿಟ್‌ಬೈಟ್_ಮೈಸೂರು

ಬೇಡ! ಮೇಲೆ ಹೇಳಿದ ಕ್ರಮ ಫೈಲ್ ಸಿಸ್ಟಮ್ ಫಿಲ್ಟರ್‌ಗೆ ಸರಿ. ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಪಟ್ಟಿಯಲ್ಲಿರುವ ಡ್ರೈವರ್‌ಗೆ ಕ್ರಮ ತಿರುಗುಮುರುಗು. ಈ ಪಟ್ಟಿಯಲ್ಲಿರುವ ಪ್ರತಿಯೊಂದು ಡ್ರೈವರ್ ಲೋಡ್ ಆದರೆ ಮಾತ್ರ ವಿಂಡೋಸ್ ಆ ಸಾಧನವನ್ನು ಚಾಲೂ ಮಾಡುತ್ತದೆ. ಹೆಸರು ಉಳಿದು ಡ್ರೈವರ್ ನಿಂತರೆ ಅಥವಾ ಫೈಲ್ ಕಾಣೆಯಾದರೆ, ರೀಸ್ಟಾರ್ಟ್ ಆದ ಮೇಲೆ ಕೀಬೋರ್ಡೇ ಸತ್ತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 39. ಡಿಸ್ಕ್‌ನ ಕ್ಲಾಸ್‌ನಲ್ಲಿ (ಒಂದೇ ಬಗೆಯ ಸಾಧನಗಳ ಗುಂಪು) ಹೀಗಾದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು.

ಆದ್ದರಿಂದ ಮೊದಲು ಪಟ್ಟಿಯಿಂದ ಹೆಸರು ತೆಗೆಯಿರಿ. ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ಕೆಳಗೆ 4ಡಿ36ಇ96ಬಿ ಎಂದು ಶುರುವಾಗುವ ಕೀ ಕೀಬೋರ್ಡಿನದು. ಎಕ್ಸ್‌ಪೋರ್ಟ್ ಮಾಡಿ, ಅಪ್ಪರ್‌ಫಿಲ್ಟರ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿ. ಸಾಲಿಗೊಂದರಂತೆ ಹೆಸರುಗಳಿರುತ್ತವೆ. ಆಂಟಿವೈರಸ್‌ನ ಸಾಲನ್ನಷ್ಟೇ ಅಳಿಸಿ. "ಕೆಬಿಡಿಕ್ಲಾಸ್" ಸಾಲು ಇರಲೇಬೇಕು, ಅದು ವಿಂಡೋಸ್‌ನದೇ. ಪೂರ್ತಿ ಅಪ್ಪರ್‌ಫಿಲ್ಟರ್ಸ್ ಅಳಿಸಿ ಎನ್ನುವ ಸಲಹೆ ಸಿಡಿ ಡ್ರೈವ್‌ಗೆ ಸಂಬಂಧಪಟ್ಟದ್ದು, ಅದನ್ನು ಇಲ್ಲಿಗೆ ತರಬೇಡಿ. ಮೌಸ್‌ನ ಕ್ಲಾಸ್ ಕೀ 4ಡಿ36ಇ96ಎಫ್, ಅಲ್ಲಿ ಉಳಿಯಬೇಕಾದದ್ದು "ಎಂಒಯುಕ್ಲಾಸ್". ಅದನ್ನೂ ಒಮ್ಮೆ ನೋಡಿ.

ರೀಸ್ಟಾರ್ಟ್ ಮಾಡಿ, ಕೀಬೋರ್ಡ್ ಕೆಲಸ ಮಾಡಿದರೆ ಸರ್ವೀಸಸ್‌ನಲ್ಲಿ ಸ್ಟಾರ್ಟ್ 4. ಮತ್ತೆ ರೀಸ್ಟಾರ್ಟ್. ಆಮೇಲೆ "ಎಸ್‌ಸಿ ಡಿಲೀಟ್" ಕೊಟ್ಟು ಮುಂದೆ ಡ್ರೈವರ್ ಹೆಸರು. ಕೊನೆಗೆ ಫೈಲ್. ಈ ಕಮಾಂಡನ್ನು ಕಮಾಂಡ್ ಪ್ರಾಂಪ್ಟ್‌ನಲ್ಲೇ ಕೊಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ "ಎಸ್‌ಸಿ" ಎಂದರೆ ಸೆಟ್-ಕಂಟೆಂಟ್. ಎರರ್ ಏನೂ ಬರದೆ, ನೀವಿರುವ ಫೋಲ್ಡರ್‌ನಲ್ಲಿ "ಡಿಲೀಟ್" ಎಂಬ ಫೈಲ್ ಹುಟ್ಟಿ ಅದರೊಳಗೆ ಡ್ರೈವರ್ ಹೆಸರು ಬರೆದಿರುತ್ತದೆ. ಡ್ರೈವರ್ ಮಾತ್ರ ಇದ್ದಲ್ಲೇ ಇರುತ್ತದೆ.

ತುಂಗಾತೀರ

ಸೆಕ್ಯುರಿಟಿ ಸೆಂಟರ್‌ನ ಹೆಸರಿನ ಬಗ್ಗೆ. ಇದು ಡಬ್ಲ್ಯುಎಂಐನಲ್ಲಿ (ವಿಂಡೋಸ್‌ನ ನಿರ್ವಹಣಾ ಮಾಹಿತಿಯ ವ್ಯವಸ್ಥೆ) ರೂಟ್‌ನ ಕೆಳಗಿನ "ಸೆಕ್ಯುರಿಟಿಸೆಂಟರ್2" ನೇಮ್‌ಸ್ಪೇಸ್‌ನಲ್ಲಿ "ಆಂಟಿವೈರಸ್‌ಪ್ರಾಡಕ್ಟ್" ಕ್ಲಾಸ್ ಆಗಿ ಸಿಗುತ್ತದೆ. ಅಡ್ಮಿನಿಸ್ಟ್ರೇಟರ್ ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟನ್ಸ್‌ನಿಂದ ಅದನ್ನು ಪಟ್ಟಿ ಮಾಡಿ. ಡಿಫೆಂಡರ್‌ನದೂ ಅಲ್ಲೇ ಕಾಣುತ್ತದೆ. ಡಿಸ್‌ಪ್ಲೇನೇಮ್ ಹಳೆಯದಕ್ಕೆ ಹೊಂದುವುದನ್ನಷ್ಟೇ ವೇರ್-ಆಬ್ಜೆಕ್ಟ್‌ನಿಂದ ಆರಿಸಿ, ಒಮ್ಮೆ ತೆರೆಯ ಮೇಲೆ ತರಿಸಿ ನೋಡಿ, ಅದೊಂದೇ ಬಂದಿದ್ದರೆ ರಿಮೂವ್-ಸಿಮ್‌ಇನ್‌ಸ್ಟನ್ಸ್‌ಗೆ ಪೈಪ್ ಮಾಡಿ (ಫಲಿತಾಂಶವನ್ನು ಆ ಕಮಾಂಡಿಗೆ ದಾಟಿಸಿ). ರೀಸ್ಟಾರ್ಟ್ ಆದ ಮೇಲೆ ಡಿಫೆಂಡರ್ ತಾನಾಗಿ ಏಳಬೇಕು. ಅಳಿಸಿದ ಹೆಸರು ಮತ್ತೆ ಬಂದರೆ ಆ ಆಂಟಿವೈರಸ್‌ನ ಸರ್ವೀಸ್ ಇನ್ನೂ ಬದುಕಿದೆಯೇ ಎಂದು ಹುಡುಕಿ.

ಯಾರೂ ಹೇಳದೆ ಬಿಟ್ಟದ್ದು ಸರ್ಟಿಫಿಕೇಟ್. ಎಚ್‌ಟಿಟಿಪಿಎಸ್ (ವೆಬ್‌ಸೈಟ್ ಜೊತೆಗಿನ ಸುರಕ್ಷಿತ ಸಂಪರ್ಕ) ಪರೀಕ್ಷಿಸುವ ಆಂಟಿವೈರಸ್‌ಗಳು ತಮ್ಮದೇ ರೂಟ್ ಸರ್ಟಿಫಿಕೇಟ್ ಹಾಕಿರುತ್ತವೆ, ಅದು ಸಹಿ ಮಾಡಿದ್ದನ್ನೆಲ್ಲ ಕಂಪ್ಯೂಟರ್ ನಂಬುತ್ತದೆ. ಕಂಪ್ಯೂಟರ್ ಸರ್ಟಿಫಿಕೇಟ್ ಮ್ಯಾನೇಜರ್ ತೆರೆದು ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಅಳಿಸಿ. ನನ್ನ ಪ್ರಕಾರ ಸಾವಿರ ಸತ್ತ ಕೀಗಳಿಗಿಂತ ಇದು ಮುಖ್ಯ.

ಬಿಟ್‌ಬೈಟ್_ಮೈಸೂರು

ಒಂದು ಸೇರಿಸುತ್ತೇನೆ, ಕೀಬೋರ್ಡ್ ಕೈಕೊಟ್ಟರೆ ಏನು ಮಾಡಬೇಕು ಎಂದು. ಮೌಸ್ ಇದ್ದರೆ ಲಾಗಿನ್ ಪರದೆಯ ಆನ್-ಸ್ಕ್ರೀನ್ ಕೀಬೋರ್ಡ್ ಸಾಕು, ಒಳಗೆ ಹೋಗಿ ಸಾಲು ಸರಿಪಡಿಸಿ. ವಿಂಡೋಸ್ ಬೂಟೇ ಆಗದಿದ್ದರೆ ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿನ ರಿಜಿಸ್ಟ್ರಿ ಬೇರೆ, ಹಾಗಾಗಿ ಕೀಬೋರ್ಡ್ ಕೆಲಸ ಮಾಡುತ್ತದೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಲೋಕಲ್ ಮಷೀನ್ ಆರಿಸಿ, ಫೈಲ್ ಮೆನುವಿನ ಲೋಡ್ ಹೈವ್‌ನಿಂದ (ಹೈವ್ ಎಂದರೆ ರಿಜಿಸ್ಟ್ರಿಯ ಒಂದು ಭಾಗ ಇರುವ ಫೈಲ್) ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಕಾನ್ಫಿಗ್ ಒಳಗಿನ "ಸಿಸ್ಟಮ್" ಫೈಲ್ ತೆರೆಯಿರಿ. ಸಿ ಡ್ರೈವ್ ಅಲ್ಲಿ ಬೇರೆ ಅಕ್ಷರದಲ್ಲಿ ಇರಬಹುದು. ಲೋಡ್ ಆದದ್ದರಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್ ಇರುವುದಿಲ್ಲ. "ಸೆಲೆಕ್ಟ್" ಕೀಯ "ಕರೆಂಟ್" ಮೌಲ್ಯ 1 ಇದ್ದರೆ ಕಂಟ್ರೋಲ್‌ಸೆಟ್001ರಲ್ಲಿ ತಿದ್ದಿ. ಆಮೇಲೆ ಹೈವ್ ಅನ್‌ಲೋಡ್ ಮಾಡಿ ರೀಸ್ಟಾರ್ಟ್ ಮಾಡಿ.