ಸತ್ತ ಬ್ಯಾಕ್ಟೀರಿಯಾ ತಿಂದರೆ ಉಪಯೋಗ ಇದೆಯಾ? ಗೊತ್ತಿದ್ದವರು ಹೇಳಿ

ಪ್ರಶ್ನೆ

ಅಪ್ಪನಿಗೆ ಕಿಮೋ ನಡೆಯುತ್ತಿದೆ. ಬಿಳಿ ರಕ್ತಕಣ ಇಳಿದಿದೆ, ಸದ್ಯಕ್ಕೆ ಪ್ರೊಬಯಾಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ಬೇಡ, ಮೊಸರನ್ನೂ ಹಾಗೇ ಕೊಡಬೇಡಿ ಅಂದಿದ್ದಾರೆ ಡಾಕ್ಟರು. ತಮ್ಮ ‘ಪೋಸ್ಟ್‌ಬಯಾಟಿಕ್’ ಅಂತ ಬರೆದ ಪ್ಯಾಕೆಟ್ ತಂದಿದ್ದಾನೆ. ಅದರಲ್ಲಿರುವುದು ಸತ್ತ ಬ್ಯಾಕ್ಟೀರಿಯಾ ಅಂತೆ. ಸತ್ತಮೇಲೆ ಅದರಿಂದ ಏನು ಲಾಭ? ಮಜ್ಜಿಗೆ ಹುಳಿ ಕುದಿಸಿದರೂ ಮೊಸರಿನ ಗುಣವೆಲ್ಲ ಹೋಗಿಬಿಡುತ್ತದಾ?

ಧಾರವಾಡದಿಂದ

ನನಗೆ ಹಾಲು ಆಗಿಬರುವುದಿಲ್ಲ. ಒಂದು ಲೋಟ ಕುಡಿದರೆ ಹೊಟ್ಟೆ ಗುಡುಗುಡು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಮಾತ್ರ ಎಷ್ಟು ತಿಂದರೂ ಏನೂ ಆಗುವುದಿಲ್ಲ. ಪ್ರಯಾಣದಲ್ಲಿ ತಿಂಗಳುಗಟ್ಟಲೆ ಕೆಡದ ಪ್ಯಾಕ್ ಮಜ್ಜಿಗೆ ಕುಡಿದಾಗ ಮತ್ತೆ ಅದೇ ಕಷ್ಟ. ಕಾರಣ ಆಮೇಲೆ ತಿಳಿಯಿತು. ಜೀವಂತ ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ನಮ್ಮ ಕರುಳಿನಲ್ಲೂ ಒಡೆಯುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಇದನ್ನು ಒಪ್ಪಿಕೊಂಡಿದೆ, ಆದರೆ ಗ್ರಾಮಿಗೆ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅನ್ನುತ್ತದೆ. ಚೆನ್ನಾಗಿ ಕಾಯಿಸಿದರೆ ಆ ಕೆಲಸ ನಿಂತುಹೋಗುತ್ತದೆ.

ಉಡುಪಿಯಿಂದ, ಫುಡ್ ಮೈಕ್ರೋಬಯಾಲಜಿ ಓದಿದವಳು

ಧಾರವಾಡದವರು ಹೇಳಿದ್ದು ಸರಿ. ಆದರೆ ಎಲ್ಲ ಕೆಲಸಕ್ಕೂ ಜೀವ ಬೇಕಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದರ ಹೊರಗೋಡೆ ಹೆಚ್ಚುಕಡಿಮೆ ಹಾಗೇ ಉಳಿಯಬಹುದು. ನಮ್ಮ ಕರುಳಿನ ರಕ್ಷಣಾ ಕೋಶಗಳು ಗುರುತು ಹಿಡಿಯುವುದು ಆ ಗೋಡೆಯ ತುಣುಕುಗಳನ್ನೇ.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು ಅಕ್ಕರ್ಮಾನ್ಸಿಯಾ ಅನ್ನುವ ಕರುಳಿನ ಬ್ಯಾಕ್ಟೀರಿಯಾವನ್ನು 70 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಇಲಿಗಳಿಗೆ ಕೊಟ್ಟರು. ಜೀವಂತ ಇದ್ದದ್ದಕ್ಕಿಂತ ಕಾಯಿಸಿದ್ದೇ ಚೆನ್ನಾಗಿ ಕೆಲಸ ಮಾಡಿತು! ಅದರ ಹೊರಪೊರೆಯ ಒಂದು ಪ್ರೋಟೀನ್ ಆ ಬಿಸಿಗೂ ಕೆಡುವುದಿಲ್ಲ. 2019ರಲ್ಲಿ ಮನುಷ್ಯರ ಪರೀಕ್ಷೆಯ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ 32 ಜನ ಮೂರು ತಿಂಗಳು ಪೂರ್ತಿ ಮಾಡಿದ್ದರು. ದಿನಕ್ಕೆ 1000 ಕೋಟಿ ಕಾಯಿಸಿದ ಬ್ಯಾಕ್ಟೀರಿಯಾ ತೆಗೆದುಕೊಂಡವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ಕೊಲೆಸ್ಟ್ರಾಲ್ ಸ್ವಲ್ಪ ಇಳಿಯಿತು. ಚಿಕ್ಕ ಪರೀಕ್ಷೆ ಅದು. ಅದರಲ್ಲಿ ಇದ್ದವರು ಕಿಮೋ ಮಾಡಿಸಿಕೊಳ್ಳುವವರಲ್ಲ ಅನ್ನುವುದನ್ನು ದಯವಿಟ್ಟು ಮರೆಯಬೇಡಿ.

ಇನ್ನೊಂದು ಮಾತು. ಸತ್ತದ್ದೆಲ್ಲ ಪೋಸ್ಟ್‌ಬಯಾಟಿಕ್ ಅಲ್ಲ. ಆರೋಗ್ಯಕ್ಕೆ ಲಾಭ ಇದೆ ಅಂತ ತೋರಿಸಿದ್ದಕ್ಕೆ ಮಾತ್ರ ಆ ಹೆಸರು, 2021ರಲ್ಲಿ ವಿಜ್ಞಾನಿಗಳು ಹಾಗೆ ನಿರ್ಧರಿಸಿದ್ದಾರೆ. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಹಬೆಗೆ ಸಾಯುತ್ತದೆ, ಹಾಗಂತ ಇಡ್ಲಿಯನ್ನು ಪೋಸ್ಟ್‌ಬಯಾಟಿಕ್ ಅನ್ನಲು ಬರುವುದಿಲ್ಲ. ಮಜ್ಜಿಗೆ ಹುಳಿಯೂ ಅಷ್ಟೇ. ಆದರೆ ಕುದಿಸಿದ ಮೊಸರಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ, ಹುಳಿಯೂ ಹೋಗುವುದಿಲ್ಲ. ಅಪ್ಪನಿಗೆ ಈಗ ಬೇಕಾದದ್ದು ಅದೇ ಅಲ್ವಾ?

ಪ್ಯಾಕೆಟ್ ಹಿಂದೆ ಯಾವ ತಳಿ ಅಂತ ಪೂರ್ತಿ ಹೆಸರು ಇದೆಯಾ ನೋಡಿ. ಬ್ಯಾಸಿಲಸ್ ಕೋಯಾಗ್ಯುಲನ್ಸ್ ಅಥವಾ ಕ್ಲಾಸಿ ಅಂತ ಇದ್ದರೆ ಹುಷಾರು. ಅವು ಬೀಜದ ಹಾಗೆ ಗಟ್ಟಿ ಚಿಪ್ಪಿನಲ್ಲಿ ಕೂತಿರುತ್ತವೆ, ಕುದಿಯುವ ನೀರಿಗೂ ಸುಲಭಕ್ಕೆ ಸಾಯುವುದಿಲ್ಲ.

ಮೈಸೂರಿನಿಂದ, ಅಮ್ಮನನ್ನು ನೋಡಿಕೊಂಡವಳು

ನಮ್ಮ ಅಮ್ಮನಿಗೂ ಕಿಮೋ ಆಗಿತ್ತು. ಮನೆಗೆ ಬಂದವರೊಬ್ಬರು ಒಳ್ಳೆಯದು ಅಂತ ಜೀವಂತ ಪ್ರೊಬಯಾಟಿಕ್ ಪುಡಿ ಕೊಟ್ಟುಹೋಗಿದ್ದರು. ನಾನು ಯಾರನ್ನೂ ಕೇಳದೆ ಎರಡು ದಿನ ಕೊಟ್ಟುಬಿಟ್ಟೆ. ಆಸ್ಪತ್ರೆಯ ನರ್ಸ್‌ಗೆ ಹೇಳಿದಾಗ ಅವರ ಮುಖ ನೋಡಿ ಕೈಕಾಲು ತಣ್ಣಗಾಯಿತು. ರೋಗ ತಡೆಯುವ ಶಕ್ತಿ ತೀರಾ ಕಡಿಮೆ ಇದ್ದಾಗ ಒಳ್ಳೆಯ ಬ್ಯಾಕ್ಟೀರಿಯಾವೂ ಅಪರೂಪಕ್ಕೆ ರಕ್ತಕ್ಕೆ ಸೇರಬಹುದಂತೆ. ಅಮ್ಮನಿಗೆ ಏನೂ ಆಗಲಿಲ್ಲ, ಸದ್ಯ. ಸತ್ತದ್ದಕ್ಕೆ ಆ ಭಯ ಇಲ್ಲ, ಅದು ರಕ್ತದಲ್ಲಿ ಬೆಳೆಯುವುದಿಲ್ಲ. ಆದರೂ ಕೇಳದೆ ಏನನ್ನೂ ಕೊಡಬೇಡಿ.

ಅಮ್ಮನಿಗೆ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ, ಎಲ್ಲಕ್ಕೂ ಕಬ್ಬಿಣದ ವಾಸನೆ ಅನ್ನುತ್ತಿದ್ದರು. ಮಜ್ಜಿಗೆ ಹುಳಿ ಮಾತ್ರ ಇಳಿಯುತ್ತಿತ್ತು. ತಾಜಾ ಮೊಸರನ್ನು ಚೆನ್ನಾಗಿ ಕಡೆದು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಇಲ್ಲದಿದ್ದರೆ ಒಡೆದು ನೀರಾಗುತ್ತದೆ. ಅಮ್ಮನಿಗೆ ಪೂರ್ತಿ ಕುದಿ ಬರಿಸಿಯೇ ಇಳಿಸುತ್ತಿದ್ದೆ. ಮಾಡಿದ ಹೊತ್ತಿಗೇ ಬಡಿಸಿ, ಉಳಿದದ್ದನ್ನು ರಾತ್ರಿಗೆ ಇಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೆಟ್‌ನಲ್ಲಿ ‘ಲ್ಯಾಕ್ಟೋಬ್ಯಾಸಿಲಸ್’ ಅಂತ ಅಷ್ಟೇ ಇದೆ, ತಳಿಯ ಹೆಸರೇ ಇಲ್ಲ. ಗುರುವಾರ ಹೋದಾಗ ಡಾಕ್ಟರಿಗೆ ಅದನ್ನೇ ತೋರಿಸುತ್ತೇನೆ, ಅಲ್ಲಿಯವರೆಗೆ ತೆರೆಯುವುದಿಲ್ಲ. ಇವತ್ತು ಬೂದುಗುಂಬಳದ ಮಜ್ಜಿಗೆ ಹುಳಿ ಮಾಡಿದ್ದೆ. ಅಪ್ಪ ಎರಡನೇ ಸಲ ಹಾಕಿಸಿಕೊಂಡರು.